ಬ್ಯಾಂಕಿನ ಶಟರ್ ಅರ್ಧ ಇಳಿಯುವ ಮೊದಲು

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. "ಬ್ಯಾಂಕಿನ ಬಾಗಿಲಿಗೆ ಏನೋ ನೋಟಿಸ್ ಅಂಟಿಸಿದ್ದಾರಂತೆ ಕಣೋ, ಸ್ವಲ್ಪ ಬಾ." ಹೋಗಿ ನೋಡಿದೆ. ಶಟರ್ ಅರ್ಧ ಇಳಿದಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಹಾಳೆ. ಮುಂದೆ ನೂರೈವತ್ತು ಜನ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದುಕೊಂಡ ಅಜ್ಜಿಯೊಬ್ಬರು ಸಿಕ್ಕವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ದುಡ್ಡು ಇದೆಯೋ ಇಲ್ವೋ, ಅಷ್ಟು ಹೇಳಿ ಸಾಕು." ಅದೊಂದು ಸಣ್ಣ ಸಹಕಾರಿ ಬ್ಯಾಂಕ್. ಹೆಸರು ಬೇಡ. ಚಿಕ್ಕಪ್ಪನ ನಿವೃತ್ತಿ ಹಣದಲ್ಲಿ ಏಳು ಲಕ್ಷ ಅಲ್ಲಿ ಎಫ್‌ಡಿ ಆಗಿ ಕೂತಿತ್ತು. ಬೇರೆ ಕಡೆಗಿಂತ ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಇಟ್ಟಿದ್ದು.

ಗುಂಪಿನಲ್ಲಿ ಯಾರೋ ಕೂಗಿದರು: "ಇಷ್ಟು ದಿನ ಆರ್‌ಬಿಐ ನಿದ್ದೆ ಮಾಡ್ತಿತ್ತಾ?" ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಆಮೇಲೆ ಈ ವಿಷಯ ಓದುತ್ತಾ ಹೋದ ಹಾಗೆ ಬೇರೆಯೇ ಒಂದು ಚಿತ್ರ ಕಂಡಿತು. ಬಹಳ ಸಲ ಆರ್‌ಬಿಐಗೆ ಗೊತ್ತಿರುತ್ತದೆ. ಆದರೆ ತಡವಾಗಿ ಗೊತ್ತಾಗಿರುತ್ತದೆ, ಗೊತ್ತಾದ ಮೇಲೂ ಬಾಯಿ ಬಿಡುವ ಹಾಗಿರುವುದಿಲ್ಲ, ಕೆಲವು ಕಡೆ ಕೈಯೂ ಪೂರ್ತಿ ಆಡುವುದಿಲ್ಲ. ನಮ್ಮ ದೇಶದ ಬ್ಯಾಂಕ್ ಕಾವಲಿನ ಕಥೆ ಈ ಮೂರು ತೊಡಕುಗಳ ಸುತ್ತ ಸುತ್ತುತ್ತದೆ.

ಬ್ಯಾಂಕಿನ ಮೇಲೇ ಯಾಕೆ ಇಷ್ಟು ಕಣ್ಣು?

ಬಟ್ಟೆ ಅಂಗಡಿ ಮುಳುಗಿದರೆ ಮಾಲೀಕ ಮುಳುಗುತ್ತಾನೆ, ಅವನಿಗೆ ಉದ್ದರಿ ಕೊಟ್ಟ ನಾಲ್ಕು ಜನ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಊರು ಹಾಗೇ ಇರುತ್ತದೆ. ಬ್ಯಾಂಕಿನ ಲೆಕ್ಕ ಹಾಗಲ್ಲ.

ಒಟ್ಟು ನೂರು ರೂಪಾಯಿ ಸಾಲ ಕೊಟ್ಟ ಒಂದು ಬ್ಯಾಂಕ್ ಇದೆ ಅಂದುಕೊಳ್ಳಿ. ಅದರಲ್ಲಿ ಮಾಲೀಕರದು, ಅಂದರೆ ಷೇರುದಾರರದು, 9 ರೂಪಾಯಿ. ಉಳಿದ 91 ರೂಪಾಯಿ ಠೇವಣಿ ಇಟ್ಟವರದು. ಸಾಲದಲ್ಲಿ 5 ರೂಪಾಯಿ ಮುಳುಗಿತು. ಮಾಲೀಕರ 9ರಲ್ಲಿ 5 ಹೋಯಿತು, ಠೇವಣಿದಾರನಿಗೆ ಏನೂ ಆಗಲಿಲ್ಲ. 15 ರೂಪಾಯಿ ಮುಳುಗಿದರೆ? ಮೊದಲ 9 ಮಾಲೀಕರದು, ಮುಂದಿನ 6 ನಮ್ಮದು. ಲಾಭ ಬಂದರೆ ಪೂರ್ತಿ ಅವರಿಗೆ, ನಷ್ಟ 9 ರೂಪಾಯಿ ದಾಟಿದರೆ ಅಲ್ಲಿಂದಾಚೆ ನಮಗೆ. ಹೀಗಿರುವಾಗ ಮಾಲೀಕನಿಗೆ ಸ್ವಲ್ಪ ಜೂಜಾಡುವ ಮನಸ್ಸು ಬರುವುದು ಸಹಜ ಅಲ್ವಾ? ಅದಕ್ಕೇ ಬೇರೆ ಯಾವ ವ್ಯಾಪಾರಕ್ಕೂ ಇಲ್ಲದಷ್ಟು ಕಾವಲು ಇದಕ್ಕೆ.

ಇನ್ನೊಂದು ಕಾರಣವೂ ಇದೆ. ಬ್ಯಾಂಕ್ ನಮ್ಮಿಂದ ತೆಗೆದುಕೊಳ್ಳುವುದು ಕೇಳಿದ ಕೂಡಲೇ ಕೊಡಬೇಕಾದ ದುಡ್ಡು. ಅದು ಕೊಡುವುದು ಇಪ್ಪತ್ತು ವರ್ಷದ ಮನೆ ಸಾಲ. ಹಾಗಾಗಿ ಗಟ್ಟಿಮುಟ್ಟಾದ ಬ್ಯಾಂಕ್ ಕೂಡ ಎಲ್ಲರ ದುಡ್ಡನ್ನು ಒಂದೇ ದಿನ ವಾಪಸ್ ಕೊಡಲಾರದು. ಗಾಳಿಸುದ್ದಿಯೊಂದಕ್ಕೇ ಚೆನ್ನಾಗಿರುವ ಬ್ಯಾಂಕನ್ನು ಕೆಡಹುವ ತಾಕತ್ತಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಿಯಮಗಳು: 1949ರಿಂದ ಇಲ್ಲಿಯವರೆಗೆ

ಆರ್‌ಬಿಐ ಶುರುವಾದದ್ದು 1935ರ ಏಪ್ರಿಲ್ 1ರಂದು. ಬ್ಯಾಂಕುಗಳ ಜುಟ್ಟು ಅದರ ಕೈಗೆ ಸರಿಯಾಗಿ ಸಿಕ್ಕಿದ್ದು 1949ರ ಕಾಯ್ದೆಯಿಂದ. ಈಗ ಅದನ್ನು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಅನ್ನುತ್ತೇವೆ. ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು, ಒಳಗೆ ಹೋಗಿ ಲೆಕ್ಕಪತ್ರ ತೆರೆಸಿ ನೋಡುವುದು, ಖಾಸಗಿ ಬ್ಯಾಂಕಿನ ಎಂಡಿ ಯಾರಾಗಬೇಕು ಅನ್ನುವುದಕ್ಕೆ ಒಪ್ಪಿಗೆ ಕೊಡುವುದು, ಎಲ್ಲ ಅದರಲ್ಲೇ ಇದೆ.

ಆದರೂ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಆ ಕಾಲಕ್ಕೆ ಅದು ಸಣ್ಣ ಬ್ಯಾಂಕೇನೂ ಆಗಿರಲಿಲ್ಲ. ಅದರ ಪೆಟ್ಟಿನಿಂದ ಎರಡು ಬದಲಾವಣೆ ಆದವು. ಮುಳುಗುತ್ತಿರುವ ಬ್ಯಾಂಕಿನಿಂದ ಹಣ ತೆಗೆಯುವುದಕ್ಕೆ ತಡೆ ಹಾಕಿ ಅದನ್ನು ಇನ್ನೊಂದು ಬ್ಯಾಂಕಿನ ಜೊತೆ ಬಲವಂತವಾಗಿ ಸೇರಿಸುವ ಅಧಿಕಾರ ಕಾಯ್ದೆಯಲ್ಲಿ ಬಂತು. 1962ರ ಜನವರಿ 1ರಿಂದ ಠೇವಣಿಗೆ ವಿಮೆ ಬಂತು, ಆಗ ಒಬ್ಬರಿಗೆ 1,500 ರೂಪಾಯಿವರೆಗೆ. ನಮ್ಮಲ್ಲಿ ಬ್ಯಾಂಕ್ ಕಾನೂನು ಬೆಳೆದದ್ದೇ ಹೀಗೆ. ಒಂದು ಬ್ಯಾಂಕ್ ಬೀಳುತ್ತದೆ, ಆಮೇಲೆ ಒಂದು ಕಲಂ ಹುಟ್ಟುತ್ತದೆ.

ಈಗ ಮೇಲಿನ ಆ 9 ರೂಪಾಯಿಗೆ ಬರೋಣ. ಅದನ್ನು ಸುಮ್ನೆ ಹೇಳಿದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ದೇಶದೇಶಗಳ ಬ್ಯಾಂಕ್ ಕಾವಲುಗಾರರು ಕೂತು ಮಾಡಿದ ಲೆಕ್ಕದಲ್ಲಿ ಬ್ಯಾಂಕಿನ ಸ್ವಂತ ಬಂಡವಾಳ ಕನಿಷ್ಠ ಶೇ. 8 ಇರಬೇಕು. ಆರ್‌ಬಿಐ ಇಲ್ಲಿ ಶೇ. 9 ಅಂದಿತು. ಅದರ ಮೇಲೆ ಕಷ್ಟಕಾಲಕ್ಕೆ ಅಂತ ಶೇ. 2.5 ಸೇರಿಸಿ, ಈಗ ವಾಣಿಜ್ಯ ಬ್ಯಾಂಕುಗಳಿಗೆ ಒಟ್ಟು ಶೇ. 11.5. ಬಿದ್ದರೆ ದೇಶವನ್ನೇ ಅಲ್ಲಾಡಿಸುವಷ್ಟು ದೊಡ್ಡದು ಅಂತ ಗುರುತಿಸಿರುವ ಮೂರಕ್ಕೆ, ಅಂದರೆ ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್‌ಗಳಿಗೆ, ಇನ್ನೂ ಸ್ವಲ್ಪ ಜಾಸ್ತಿ.

ಈ ಪರ್ಸೆಂಟೇಜನ್ನು ಕೊಟ್ಟ ಸಾಲದ ಮೊತ್ತದ ಮೇಲೆ ನೇರವಾಗಿ ಹಾಕುವುದಿಲ್ಲ. ಪ್ರತಿ ಸಾಲಕ್ಕೂ ಅದರ ಅಪಾಯಕ್ಕೆ ತಕ್ಕ ಒಂದು ತೂಕ ಇರುತ್ತದೆ. ಕೇಂದ್ರ ಸರ್ಕಾರದ ಬಾಂಡ್‌ಗೆ ಸೊನ್ನೆ. ಸಾಮಾನ್ಯ ಮನೆ ಸಾಲಕ್ಕೆ ಶೇ. 35. ಯಾವ ಅಡವೂ ಇಲ್ಲದ ಪರ್ಸನಲ್ ಲೋನ್‌ಗೆ 2023ರ ನವೆಂಬರ್ ತನಕ ಶೇ. 100 ಇತ್ತು; ಜನ ಸಿಕ್ಕಾಪಟ್ಟೆ ಸಾಲ ಮಾಡುತ್ತಿದ್ದಾರೆ ಅನಿಸಿದಾಗ ಆರ್‌ಬಿಐ ಅದನ್ನು ಶೇ. 125 ಮಾಡಿತು. ಲೆಕ್ಕ ಹಾಕಿ ನೋಡಿ. ನೂರು ರೂಪಾಯಿ ಮನೆ ಸಾಲ ಕೊಡಲು ಬ್ಯಾಂಕಿನ ಸ್ವಂತ ದುಡ್ಡು ಸುಮಾರು 4 ರೂಪಾಯಿ ಇದ್ದರೆ ಸಾಕು. ನೂರು ರೂಪಾಯಿ ಪರ್ಸನಲ್ ಲೋನ್‌ಗೆ 14 ರೂಪಾಯಿ ದಾಟಬೇಕು. ಪರ್ಸನಲ್ ಲೋನ್ ಕೊಡಬೇಡಿ ಅಂತ ಯಾರೂ ಹೇಳಲಿಲ್ಲ. ಕೊಡುವುದು ದುಬಾರಿ ಆಯಿತು, ಅಷ್ಟೆ. ನನಗೆ ಈ ಉಪಾಯ ತುಂಬ ಇಷ್ಟ. ಬೈಯದೆ, ಹೊಡೆಯದೆ ಕೆಲಸ ಆಗುತ್ತದೆ.

ಸಿಆರ್‌ಆರ್, ಎಸ್‌ಎಲ್‌ಆರ್ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅವು ಇದಕ್ಕಿಂತ ಸರಳ. ಬಂದ ಠೇವಣಿಯಲ್ಲಿ ಇಷ್ಟು ಪಾಲನ್ನು ಆರ್‌ಬಿಐ ಹತ್ತಿರ ನಗದಾಗಿ ಇಡಬೇಕು, ಇದು ಸಿಆರ್‌ಆರ್. 2025ರಲ್ಲಿ ಇದು ಹಂತಹಂತವಾಗಿ ಶೇ. 3ಕ್ಕೆ ಇಳಿಯಿತು. ಇನ್ನೊಂದು ಪಾಲು, ಶೇ. 18, ಮುಖ್ಯವಾಗಿ ಸರ್ಕಾರಿ ಬಾಂಡ್‌ಗಳಲ್ಲಿ ಇರಬೇಕು, ಅದು ಎಸ್‌ಎಲ್‌ಆರ್.

ತೊಂಬತ್ತನೇ ದಿನದ ಆಟ

ನಿಯಮ ಬರೆಯುವುದು ಸುಲಭ. ಆ 9 ರೂಪಾಯಿ ನಿಜವಾಗಲೂ ಇದೆಯಾ ಅಂತ ನೋಡುವುದೇ ಕಷ್ಟ. ಯಾಕೆಂದರೆ ಯಾವ ಸಾಲ ಕೆಟ್ಟಿದೆ ಅಂತ ಮೊದಲು ಬರೆಯುವುದು ಬ್ಯಾಂಕೇ. ಪರೀಕ್ಷೆ ಬರೆದವನೇ ಮೊದಲ ಸಲ ಮೌಲ್ಯಮಾಪನವನ್ನೂ ಮಾಡಿದ ಹಾಗೆ.

ನಮ್ಮಲ್ಲಿ ಕಂತೋ ಬಡ್ಡಿಯೋ 90 ದಿನ ದಾಟಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅದಕ್ಕೂ ಮೊದಲೇ ಎಚ್ಚರಿಕೆಯ ಮೆಟ್ಟಿಲುಗಳಿವೆ: 30 ದಿನದವರೆಗೆ ಎಸ್‌ಎಂಎ ಸೊನ್ನೆ, 60ರವರೆಗೆ ಒಂದು, 90ರವರೆಗೆ ಎರಡು. ಎನ್‌ಪಿಎ ಆದ ಕೂಡಲೇ ಎರಡು ಏಟು. ಬರದ ಬಡ್ಡಿಯನ್ನು ಆದಾಯ ಅಂತ ತೋರಿಸುವ ಹಾಗಿಲ್ಲ. ಸಾಲದ ಒಂದು ಪಾಲನ್ನು ನಷ್ಟಕ್ಕೆ ಅಂತ ಲಾಭದಿಂದ ಎತ್ತಿಡಬೇಕು. ಅಡವಿರುವ ಸಾಲಕ್ಕೆ ಮೊದಲ ವರ್ಷ ಶೇ. 15, ಆಮೇಲೆ ಏರುತ್ತಾ ಹೋಗುತ್ತದೆ. ಲಾಭ ಕುಗ್ಗುತ್ತದೆ, ಬಂಡವಾಳ ಕರಗುತ್ತದೆ, ಮ್ಯಾನೇಜರನ ಪ್ರಮೋಷನ್ನೂ ಅಲುಗಾಡುತ್ತದೆ. ಹಾಗಾಗಿ ತೊಂಬತ್ತನೇ ದಿನ ಬರದ ಹಾಗೆ ನೋಡಿಕೊಳ್ಳಲು ಎಲ್ಲರಿಗೂ ಆಸೆ.

ಅದನ್ನು ಮಾಡುವ ಬಗೆ ಹೀಗೆ. ಒಂದು ಕಾರ್ಖಾನೆ 10 ಕೋಟಿ ಸಾಲ ತೆಗೆದಿದೆ. ವ್ಯಾಪಾರ ಕುಸಿದಿದೆ, 85 ದಿನದಿಂದ ಬಡ್ಡಿ ಬಂದಿಲ್ಲ. 86ನೇ ದಿನ ಅದೇ ಬ್ಯಾಂಕ್ ಅದೇ ಮಾಲೀಕನ ಇನ್ನೊಂದು ಕಂಪನಿಗೆ 'ದುಡಿಯುವ ಬಂಡವಾಳ' ಅಂತ 1 ಕೋಟಿ ಕೊಡುತ್ತದೆ. 87ನೇ ದಿನ ಆ ದುಡ್ಡು ಒಂದು ಸುತ್ತು ಹಾಕಿ ಮೊದಲ ಸಾಲದ ಬಡ್ಡಿಗೆ ಬಂದು ಬೀಳುತ್ತದೆ. ದಿನದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಪುಸ್ತಕದಲ್ಲಿ ಈಗ ಎರಡು ಒಳ್ಳೆಯ ಸಾಲಗಳಿವೆ, ಬಡ್ಡಿಯೂ ಬಂದಿದೆ, ಲಾಭವೂ ಕಾಣುತ್ತಿದೆ. ನಿಜದಲ್ಲಿ 10 ಕೋಟಿಯ ಗುಂಡಿ 11 ಕೋಟಿಯದಾಗಿದೆ. ಬ್ಯಾಂಕಿನವರು ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತಾರೆ. ಒಣಗಿದ ಗಿಡಕ್ಕೆ ಹಸಿರು ಬಣ್ಣ ಬಳಿದ ಹಾಗೆ. ಮಾರ್ಚ್ ತಿಂಗಳ ಕೊನೆಯ ವಾರ ಈ ಬಣ್ಣಕ್ಕೆ ಬೇಡಿಕೆ ಜಾಸ್ತಿ.

2015ರಲ್ಲಿ ರಘುರಾಂ ರಾಜನ್ ಗವರ್ನರ್ ಆಗಿದ್ದಾಗ ಆರ್‌ಬಿಐ ಈ ಬಣ್ಣವನ್ನು ಕೆರೆದು ನೋಡಲು ಹೊರಟಿತು. ಆಸ್ತಿ ಗುಣಮಟ್ಟ ಪರಿಶೀಲನೆ, ಎಕ್ಯೂಆರ್, ಅಂತ ಅದರ ಹೆಸರು. ಮಾಡಿದ್ದು ತುಂಬ ಸರಳವಾದ ಕೆಲಸ. 5 ಕೋಟಿ ಮತ್ತು ಅದಕ್ಕಿಂತ ದೊಡ್ಡ ಸಾಲಗಾರರ ವಿವರವನ್ನು ಎಲ್ಲ ಬ್ಯಾಂಕುಗಳೂ ಒಂದೇ ಕಡೆ ಸೇರಿಸುವ ವ್ಯವಸ್ಥೆ 2014ರಲ್ಲಿ ಬಂದಿತ್ತು. ಅದನ್ನು ಇಟ್ಟುಕೊಂಡು ನೋಡಿದರೆ ಒಂದೇ ಸಾಲಗಾರ ಒಂದು ಬ್ಯಾಂಕಿನಲ್ಲಿ ಎನ್‌ಪಿಎ, ಇನ್ನೊಂದರಲ್ಲಿ ಒಳ್ಳೆಯ ಹುಡುಗ. ಎಲ್ಲರೂ ನಿಜ ಬರೆಯಿರಿ ಅಂತ ಪಟ್ಟು ಹಿಡಿದದ್ದೇ ತಡ, 2015ರ ಮಾರ್ಚ್‌ನಲ್ಲಿ ಶೇ. 4ರ ಆಸುಪಾಸಿನಲ್ಲಿದ್ದ ಒಟ್ಟು ಎನ್‌ಪಿಎ 2018ರ ಮಾರ್ಚ್ ಹೊತ್ತಿಗೆ ಶೇ. 11 ದಾಟಿತು. ಜನ ಆರ್‌ಬಿಐಯನ್ನೇ ಬೈದರು. ಜ್ವರ ತೋರಿಸಿದ ಥರ್ಮಾಮೀಟರನ್ನು ಬೈದ ಹಾಗಾಯಿತು. ಸಾಲಗಳು ಕೆಟ್ಟದ್ದು ಅದಕ್ಕೂ ಎಷ್ಟೋ ಮೊದಲು, ರಸ್ತೆ, ವಿದ್ಯುತ್, ಉಕ್ಕು ಅಂತ ಕಣ್ಣುಮುಚ್ಚಿ ಸಾಲ ಹಂಚಿದ ದಿನಗಳಲ್ಲಿ. ಅಂದಹಾಗೆ, 2024ರ ಮಾರ್ಚ್‌ಗೆ ಅದೇ ಅಂಕಿ ಶೇ. 3ಕ್ಕಿಂತ ಕೆಳಗೆ ಬಂತು. ವಸೂಲಿಯಿಂದ ಸ್ವಲ್ಪ, ಪುಸ್ತಕದಿಂದ ಹೊಡೆದುಹಾಕಿದ್ದರಿಂದ ಬಹಳಷ್ಟು.

ಕಾವಲುಗಾರ ನೋಡುವುದು ಹೇಗೆ

ನೋಡುವುದರಲ್ಲಿ ಎರಡು ಬಗೆ. ಒಂದು, ಮುಂಬೈಯಲ್ಲಿ ಕೂತು ಬ್ಯಾಂಕುಗಳು ಕಳಿಸುವ ಅಂಕಿಗಳನ್ನು ನೋಡುವುದು. ಇನ್ನೊಂದು, ತಂಡ ಕಳಿಸಿ ಬ್ಯಾಂಕಿನೊಳಗೆ ಕೂರಿಸುವುದು. ಬಂದ ತಂಡಕ್ಕೆ ಒಂದು ಕೋಣೆ ಕೊಡುತ್ತಾರೆ, ಕೇಳಿದ ಫೈಲು ತಂದಿಡುತ್ತಾರೆ, ವಾರಗಟ್ಟಲೆ ಕೆಲಸ ನಡೆಯುತ್ತದೆ. 1992ರ ಷೇರು ಹಗರಣದ ನಂತರ 1994ರಲ್ಲಿ ಇದಕ್ಕೆಂದೇ ಆರ್‌ಬಿಐಯಲ್ಲಿ ಬೇರೆ ಮಂಡಳಿ ಆಯಿತು. 2013ರಿಂದ ಎಲ್ಲಿ ಅಪಾಯ ಜಾಸ್ತಿಯೋ ಅಲ್ಲಿ ಕಣ್ಣು ಜಾಸ್ತಿ ಅನ್ನುವ ಪದ್ಧತಿ ಬಂತು.

ಆದರೆ ಫೈಲು ತಂದಿಡುವವನೇ ಸುಳ್ಳು ಹೇಳಲು ಕೂತರೆ? 2019ರ ಸೆಪ್ಟೆಂಬರ್ 23ರಂದು ಆರ್‌ಬಿಐ ತಡೆ ಹಾಕಿದ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕಿನ, ಅಂದರೆ ಪಿಎಂಸಿಯ, ಕಥೆ ಇದೇ. ಕೊಟ್ಟ ಸಾಲದಲ್ಲಿ ಸುಮಾರು ಮುಕ್ಕಾಲು ಪಾಲು ಒಂದೇ ರಿಯಲ್ ಎಸ್ಟೇಟ್ ಗುಂಪಿಗೆ ಹೋಗಿತ್ತು. ಅದನ್ನು ಮುಚ್ಚಲು 21 ಸಾವಿರಕ್ಕೂ ಹೆಚ್ಚು ನಕಲಿ ಸಾಲದ ಖಾತೆಗಳನ್ನು ತೋರಿಸಿದ್ದರು ಅಂತ ತನಿಖೆಯಲ್ಲಿ ಬಂತು. ಸಾವಿರಾರು ಸಣ್ಣ ಸಾಲಗಾರರು ನಿಯತ್ತಾಗಿ ಕಂತು ಕಟ್ಟುತ್ತಿರುವ ಪಟ್ಟಿ ಕೈಗೆ ಕೊಟ್ಟರೆ, ಎಲ್ಲ ಹೆಸರನ್ನೂ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟುವವರು ಯಾರು? ಮೊದಲ ದಿನ ಒಬ್ಬರಿಗೆ 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟರು. ಆಮೇಲೆ ಮಿತಿ ಏರುತ್ತಾ ಹೋಯಿತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಇನ್ನೊಂದು ಬಗೆಯ ಕುರುಡು 2018ರ ಫೆಬ್ರವರಿಯಲ್ಲಿ ಕಂಡಿತು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈಯ ಒಂದು ಶಾಖೆಯಿಂದ ವಜ್ರದ ವ್ಯಾಪಾರಿಗಳ ಪರವಾಗಿ ವಿದೇಶದ ಶಾಖೆಗಳಿಗೆ ಜಾಮೀನು ಸಂದೇಶಗಳು ಹೋಗುತ್ತಿದ್ದವು. ಸಂದೇಶ ಹೋಗುವ ಸ್ವಿಫ್ಟ್ ಜಾಲವೇ ಬೇರೆ, ಬ್ಯಾಂಕಿನ ಲೆಕ್ಕ ಇಡುವ ಕಂಪ್ಯೂಟರೇ ಬೇರೆ. ಎರಡಕ್ಕೂ ಕೊಂಡಿ ಇರಲಿಲ್ಲ. ಹೀಗಾಗಿ 13 ಸಾವಿರ ಕೋಟಿ ದಾಟಿದ ಹೊಣೆ ಬ್ಯಾಂಕಿನ ಪುಸ್ತಕದಲ್ಲಿ ಇರಲೇ ಇಲ್ಲ. ಸ್ವಿಫ್ಟ್ ವಿಷಯದಲ್ಲಿ ಹುಷಾರು ಅಂತ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳಿಗೆ ಹೇಳಿದ್ದೆವು ಅಂದಿತು ಆರ್‌ಬಿಐ. ಹೇಳಿತ್ತು, ಸರಿ. ಹೇಳಿದ್ದನ್ನು ಮಾಡಿದರಾ ಅಂತ ನೋಡುವುದು ತಾನೇ ಮೇಲ್ವಿಚಾರಣೆ?

ಗೊತ್ತಿದ್ದೂ ಹೇಳಲಾಗದ್ದು

ಯೆಸ್ ಬ್ಯಾಂಕಿನ ಉದಾಹರಣೆ ನೋಡಿ. 2016ರ ಮಾರ್ಚ್ ಲೆಕ್ಕದಲ್ಲಿ ಅದು ತೋರಿಸಿದ ಒಟ್ಟು ಎನ್‌ಪಿಎ 749 ಕೋಟಿ. ಆರ್‌ಬಿಐ ತಂಡ ಅದೇ ಪುಸ್ತಕ ತೆರೆದು ಎಣಿಸಿದಾಗ ಸಿಕ್ಕಿದ್ದು 4,926 ಕೋಟಿ. ಆರು ಪಟ್ಟಿಗೂ ಜಾಸ್ತಿ. ಇಂಥ ವ್ಯತ್ಯಾಸ ದೊಡ್ಡದಿದ್ದರೆ ಬ್ಯಾಂಕೇ ಅದನ್ನು ವಾರ್ಷಿಕ ವರದಿಯಲ್ಲಿ ಬರೆಯಬೇಕು ಅನ್ನುವ ನಿಯಮ 2017ರಲ್ಲಿ ಬಂತು. ಹಾಗಾಗಿ ಅದು ಹೊರಗೆ ಬಂತು. ಮುಂದಿನ ವರ್ಷವೂ ದೊಡ್ಡ ವ್ಯತ್ಯಾಸವೇ. 2018ರಲ್ಲಿ ಸ್ಥಾಪಕ ಸಿಇಒಗೆ ಅಧಿಕಾರ ಮುಂದುವರಿಸಲು ಆರ್‌ಬಿಐ ಒಪ್ಪಲಿಲ್ಲ. 2019ರ ಜನವರಿ ಕೊನೆಗೆ ಇಳಿಯಿರಿ ಅಂದಿತು. ಬ್ಯಾಂಕಿನ ಬಾಗಿಲಿಗೆ ತಡೆ ಬಿದ್ದದ್ದು 2020ರ ಮಾರ್ಚ್ 5ರಂದು. ಅಂದರೆ ರೋಗ ಕಂಡದ್ದಕ್ಕೂ ಆಪರೇಷನ್‌ಗೂ ನಡುವೆ ಮೂರು ವರ್ಷ.

ಯಾಕೆ ಕಾದರು? ಹೂಡಿಕೆದಾರರು ಬರುತ್ತಾರೆ, ಹೊಸ ಬಂಡವಾಳ ಬೀಳುತ್ತದೆ, ಬ್ಯಾಂಕ್ ತಾನಾಗಿ ಎದ್ದು ನಿಲ್ಲುತ್ತದೆ ಅನ್ನುವ ಆಸೆ. ಅದರ ಜೊತೆಗೆ ನಾನು ಮೊದಲು ಹೇಳಿದ ಗಾಳಿಸುದ್ದಿಯ ಭಯ. "ಈ ಬ್ಯಾಂಕಿಗೆ ಹುಷಾರಿಲ್ಲ" ಅಂತ ಆರ್‌ಬಿಐ ಬಾಯಿಬಿಟ್ಟು ಹೇಳಿದ ಮರುಗಂಟೆಯೇ ಜನ ದುಡ್ಡು ಎತ್ತಲು ಓಡುತ್ತಾರೆ. ಬದುಕಬಹುದಾಗಿದ್ದ ಬ್ಯಾಂಕೂ ಸಾಯುತ್ತದೆ. ಹಾಗಂತ ಹೇಳದೇ ಇದ್ದರೆ? ಒಳಗಿನ ಸುದ್ದಿ ಬಲ್ಲ ದೊಡ್ಡವರು ಮೆಲ್ಲನೆ ಹಣ ಎತ್ತಿಕೊಂಡು ಹೋಗುತ್ತಾರೆ, ಪಾಸ್‌ಬುಕ್ ಹಿಡಿದ ಅಜ್ಜಿ ಕೊನೆಗೆ ಉಳಿಯುತ್ತಾರೆ.

ತಪಾಸಣೆ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೊಡಬೇಕಾ ಅನ್ನುವ ಜಗಳ ಸುಪ್ರೀಂ ಕೋರ್ಟಿಗೂ ಹೋಯಿತು. 2015ರ ಡಿಸೆಂಬರ್‌ನಲ್ಲಿ ಕೋರ್ಟ್ ಕೊಡಬೇಕು ಅಂದಿತು. ಆರ್‌ಬಿಐ ಇರುವುದು ಜನರ ಹಿತ ಕಾಯಲು, ಬ್ಯಾಂಕಿನ ಗುಟ್ಟು ಕಾಯಲು ಅಲ್ಲ ಅನ್ನುವುದು ಅದರ ತಿರುಳು. ಆಮೇಲೂ ಬ್ಯಾಂಕುಗಳು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದವು. ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ವರದಿ ಬೇಡ, ಆದರೆ ಎರಡು ವರ್ಷ ಹಳೆಯ ವರದಿಯನ್ನಾದರೂ ಬಿಚ್ಚಿಡಬಹುದು. ಗಾಬರಿ ಹುಟ್ಟಿಸುವಷ್ಟು ಹೊಸದಲ್ಲ, ಏನೂ ಪಾಠ ಸಿಗದಷ್ಟು ಹಳೆಯದೂ ಅಲ್ಲ.

ಯೆಸ್ ಬ್ಯಾಂಕ್ ಬಿಕ್ಕಟ್ಟು ಮುಗಿದ ವೇಗ ಮಾತ್ರ ಮೆಚ್ಚಬೇಕಾದದ್ದು. ಒಬ್ಬರಿಗೆ 50,000 ರೂಪಾಯಿ ಮಿತಿ, ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಬೇರೆ ಬ್ಯಾಂಕುಗಳ ಹಣ, ಮಾರ್ಚ್ 18ರ ಸಂಜೆಗೆ ತಡೆ ತೆರವು. ಠೇವಣಿದಾರರ ಒಂದು ಪೈಸೆಯೂ ಹೋಗಲಿಲ್ಲ. ಜಾಸ್ತಿ ಬಡ್ಡಿ ಸಿಗುತ್ತದೆ ಅಂತ, ಬ್ಯಾಂಕ್ ಕೆಟ್ಟರೆ ಸೊನ್ನೆಯಾಗಬಹುದು ಅನ್ನುವ ಷರತ್ತಿನ ಎಟಿ-1 ಬಾಂಡ್ ಕೊಂಡಿದ್ದವರ 8,415 ಕೋಟಿ ಮಾತ್ರ ಸೊನ್ನೆಯಾಯಿತು. ಅವರು ಕೋರ್ಟಿಗೆ ಹೋದರು. ಅದು ಬೇರೆಯೇ ಕಥೆ.

ಇಷ್ಟು ದೂರ ಹೋಗುವ ಮೊದಲು ಆರ್‌ಬಿಐ ಬಳಸುವ ಸಣ್ಣ ಕೋಲುಗಳೂ ಇವೆ. ದಂಡ ಹಾಕುವುದು ಒಂದು. ಪೇಪರಿನಲ್ಲಿ "ಇಂಥ ಬ್ಯಾಂಕಿಗೆ ಇಷ್ಟು ಲಕ್ಷ ದಂಡ" ಅಂತ ಓದಿ ಗಾಬರಿ ಆಗಬೇಕಿಲ್ಲ. ಬಹಳ ಸಲ ಅದು ಕೆವೈಸಿ ತಪ್ಪಿದ್ದಕ್ಕೋ, ವರದಿ ತಡ ಮಾಡಿದ್ದಕ್ಕೋ ಹಾಕಿದ್ದು. ವ್ಯಾಪಾರಕ್ಕೇ ಕೈ ಹಾಕಿದಾಗ ಬಿಸಿ ಜಾಸ್ತಿ ತಟ್ಟುತ್ತದೆ. ಕಂಪ್ಯೂಟರ್ ವ್ಯವಸ್ಥೆ ಪದೇ ಪದೇ ಕೈಕೊಟ್ಟಿತು ಅಂತ 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಅಂದದ್ದು ಅಂಥದ್ದು. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕಿಗೂ ಇಂಥದೇ ತಡೆ ಬಂತು. ಇನ್ನೂ ಮೇಲಿನದು ಪಿಸಿಎ, ಅಂದರೆ ತ್ವರಿತ ಸರಿಪಡಿಸುವ ಕ್ರಮ. ಬಂಡವಾಳ ಕುಸಿದು ಎನ್‌ಪಿಎ ಏರಿದ ಬ್ಯಾಂಕಿಗೆ ಪಥ್ಯದ ಊಟ: ಲಾಭಾಂಶ ಹಂಚಬೇಡ, ಹೊಸ ಶಾಖೆ ಬೇಡ, ದೊಡ್ಡ ಸಾಲ ಬೇಡ. 2018ರಲ್ಲಿ 21 ಸರ್ಕಾರಿ ಬ್ಯಾಂಕುಗಳಲ್ಲಿ 11 ಈ ಪಥ್ಯದಲ್ಲಿದ್ದವು. 2022ರ ಸೆಪ್ಟೆಂಬರ್‌ಗೆ ಕೊನೆಯದೂ ಹೊರಬಂತು.

ಎರಡು ಯಜಮಾನರ ಮನೆ

ಕರಾವಳಿಯ ಎರಡೇ ಜಿಲ್ಲೆಗಳಿಂದ ನಾಲ್ಕು ಬ್ಯಾಂಕುಗಳು ಸರ್ಕಾರದ ಕೈಗೆ ಹೋದವು. 1969ರ ಜುಲೈ 19ರಂದು ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ವಿಜಯಾ ಮತ್ತು ಕಾರ್ಪೊರೇಷನ್. ಹೆಸರು ಉಳಿದಿರುವುದು ಈಗ ಕೆನರಾ ಒಂದರದ್ದೇ. ಸರ್ಕಾರಿ ಬ್ಯಾಂಕ್ ಅಂದರೆ ಮಾಲೀಕರೂ ಸರ್ಕಾರವೇ, ಎಂಡಿಯನ್ನು ಕೂರಿಸುವವರೂ ಅವರೇ. ಖಾಸಗಿ ಬ್ಯಾಂಕಿನ ಮೇಲೆ ಆರ್‌ಬಿಐಗೆ ಇರುವ ಕೆಲವು ಅಧಿಕಾರಗಳು ಇವುಗಳ ಮೇಲೆ ಇಲ್ಲ. ಪಿಎನ್‌ಬಿ ಹಗರಣದ ನಂತರ 2018ರ ಮಾರ್ಚ್‌ನಲ್ಲಿ ಗಾಂಧಿನಗರದಲ್ಲಿ ಮಾತಾಡಿದ ಗವರ್ನರ್ ಊರ್ಜಿತ್ ಪಟೇಲ್ ಇದನ್ನು ಒಂದೊಂದಾಗಿ ಎಣಿಸಿ ಹೇಳಿದರು. ಸರ್ಕಾರಿ ಬ್ಯಾಂಕಿನ ನಿರ್ದೇಶಕರನ್ನು ತೆಗೆಯಲಾರೆವು, ವಿಲೀನಕ್ಕೆ ಒತ್ತಾಯ ಮಾಡಲಾರೆವು, ಲೈಸೆನ್ಸ್ ಕಿತ್ತುಕೊಳ್ಳಲಾರೆವು ಅಂತ. ವಿಷ ಕುಡಿಯಬೇಕಾಗಿ ಬಂದರೆ ನೀಲಕಂಠನ ಹಾಗೆ ಕುಡಿಯುತ್ತೇವೆ ಅಂತಲೂ ಅಂದರು.

ಸರ್ಕಾರಿ ಬ್ಯಾಂಕ್ ಮುಳುಗಲು ಸರ್ಕಾರ ಬಿಡುವುದಿಲ್ಲ, ಅದು ನಿಜ. 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿ ಬಂಡವಾಳ ತುಂಬುವ ಯೋಜನೆ ಪ್ರಕಟವಾಯಿತು. ಆ ದುಡ್ಡು ಆಕಾಶದಿಂದ ಉದುರಿದ್ದಲ್ಲ. ಠೇವಣಿದಾರನ ಜೇಬಿನಿಂದ ಹೋಗಬೇಕಾದದ್ದು ತೆರಿಗೆ ಕಟ್ಟುವವನ ಜೇಬಿನಿಂದ ಹೋಯಿತು. ಎರಡೂ ಜೇಬು ಒಂದೇ ಅಂಗಿಯದ್ದಾಗಿರುವುದೇ ಜಾಸ್ತಿ.

ಸಹಕಾರಿ ಬ್ಯಾಂಕುಗಳಲ್ಲಿ ಇನ್ನೊಂದು ಬಗೆಯ ಇಬ್ಬರು ಯಜಮಾನರು. 1966ರಿಂದ ಬ್ಯಾಂಕಿಂಗ್ ವ್ಯವಹಾರ ಆರ್‌ಬಿಐ ಕೆಳಗೆ, ನೋಂದಣಿ, ಚುನಾವಣೆ, ಆಡಳಿತ ರಾಜ್ಯದ ಸಹಕಾರ ಸಂಘಗಳ ನಿಬಂಧಕರ ಕೆಳಗೆ. ನಿರ್ದೇಶಕರು ಊರಿನ ರಾಜಕೀಯದಲ್ಲಿ ಇರುವವರೇ. ಅಳಿಯನಿಗೆ ಸಾಲ, ಸ್ನೇಹಿತನ ಲೇಔಟಿಗೆ ಸಾಲ ಅಂತ ಶುರುವಾದರೆ, ಯಾರು ಯಾರನ್ನು ಕೇಳಬೇಕು ಅನ್ನುವುದರಲ್ಲೇ ವರ್ಷ ಕಳೆಯುತ್ತಿತ್ತು. ಪಿಎಂಸಿ ಪೆಟ್ಟು ಬಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೂ 35,000 ರೂಪಾಯಿ ಮಿತಿಯ ತಡೆ ಬಿತ್ತು. ಅದೇ ವರ್ಷ ಕಾಯ್ದೆ ತಿದ್ದಿ, ಸಹಕಾರಿ ಬ್ಯಾಂಕುಗಳ ಆಡಳಿತ, ಆಡಿಟ್, ವಿಲೀನದ ಮೇಲೂ ಆರ್‌ಬಿಐಗೆ ಹಿಡಿತ ಕೊಟ್ಟರು.

ಇಲ್ಲಿ ಕರ್ನಾಟಕದವರು ಒಂದು ವಿಷಯ ಗಮನಿಸಬೇಕು. ಬೀದಿಬೀದಿಯಲ್ಲಿ ಕಾಣುವ ಸೌಹಾರ್ದ ಸಹಕಾರಿಗಳು, ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲ. ಕೌಂಟರ್ ಇರುತ್ತದೆ, ಪಾಸ್‌ಬುಕ್ ಇರುತ್ತದೆ, ಪಿಗ್ಮಿ ಕಲೆಕ್ಟರ್ ಮನೆಗೇ ಬರುತ್ತಾನೆ. ಆದರೆ ಆರ್‌ಬಿಐ ಲೈಸೆನ್ಸ್ ಇರುವುದಿಲ್ಲ, ಅದರ ತಪಾಸಣೆ ಇರುವುದಿಲ್ಲ, ಠೇವಣಿ ವಿಮೆಯೂ ಇರುವುದಿಲ್ಲ. ಸೌಹಾರ್ದಗಳು 1997ರ ರಾಜ್ಯ ಕಾಯ್ದೆಯ ಕೆಳಗೆ ಬರುತ್ತವೆ. ಹೆಸರಿನಲ್ಲಿ 'ಬ್ಯಾಂಕ್' ಅಂತ ಹಾಕಿಕೊಳ್ಳುವ ಹಾಗೂ ಇಲ್ಲ. ಕೆಲವು ಸಂಘಗಳು ಹಾಕಿಕೊಳ್ಳುತ್ತಿವೆ ಅಂತ 2021ರ ನವೆಂಬರ್‌ನಲ್ಲಿ ಆರ್‌ಬಿಐಯೇ ಜನರನ್ನು ಎಚ್ಚರಿಸಿತ್ತು. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಅದನ್ನು ಅಲ್ಲಗಳೆಯುತ್ತಿಲ್ಲ. ಕೆಟ್ಟರೆ ಹಿಡಿಯುವ ಬಲೆ ಕೆಳಗಿಲ್ಲ ಅನ್ನುವುದು ಗೊತ್ತಿರಲಿ.

ಐದು ಲಕ್ಷದ ಬಲೆ

ಬಲೆ ಅಂದರೆ ಡಿಐಸಿಜಿಸಿ, ಆರ್‌ಬಿಐನದೇ ವಿಮಾ ಸಂಸ್ಥೆ. 1993ರಿಂದ 1 ಲಕ್ಷದಲ್ಲೇ ನಿಂತಿದ್ದ ಮಿತಿ 2020ರ ಫೆಬ್ರವರಿ 4ರಂದು 5 ಲಕ್ಷ ಆಯಿತು. ಅಸಲು ಬಡ್ಡಿ ಸೇರಿ 5 ಲಕ್ಷ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಎಲ್ಲ ಸೇರಿ 5 ಲಕ್ಷವೇ, ಬೇರೆ ಬೇರೆ ಬ್ಯಾಂಕಿನಲ್ಲಿದ್ದರೆ ಬೇರೆ ಬೇರೆ. ಪ್ರೀಮಿಯಂ ಬ್ಯಾಂಕ್ ಕಟ್ಟುತ್ತದೆ, ನಾವಲ್ಲ. ದೇಶದ ಖಾತೆಗಳಲ್ಲಿ ನೂರಕ್ಕೆ 97ಕ್ಕೂ ಜಾಸ್ತಿ ಈ ಮಿತಿಯೊಳಗೆ ಪೂರ್ತಿ ಸೇರಿಹೋಗುತ್ತವೆ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಅರ್ಧಕ್ಕೂ ಕಡಿಮೆ.

ಮೊದಲು ಬ್ಯಾಂಕಿನ ಲೈಸೆನ್ಸ್ ಹೋಗಿ, ಮುಚ್ಚಿದ ಬ್ಯಾಂಕಿನ ಸಾಲ ವಸೂಲು ಮಾಡಿ ಬಾಕಿ ತೀರಿಸುವ ಲಿಕ್ವಿಡೇಟರ್ ಬಂದು, ಆಮೇಲೆ ವಿಮೆ ಹಣ. ಅಷ್ಟರಲ್ಲಿ ವರ್ಷಗಳೇ ಹೋಗುತ್ತಿದ್ದವು. 2021ರ ತಿದ್ದುಪಡಿ ಇದನ್ನು ಬದಲಿಸಿತು. ಹಣ ತೆಗೆಯಲು ತಡೆ ಬಿದ್ದ ದಿನದಿಂದ 90 ದಿನದೊಳಗೆ ವಿಮೆ ಹಣ ಬರಬೇಕು. ಮೊದಲ 45 ದಿನ ಬ್ಯಾಂಕ್ ಪಟ್ಟಿ ಮಾಡಿ ಕಳಿಸಲು, ಮುಂದಿನ 45 ದಿನ ಪರಿಶೀಲಿಸಿ ಹಣ ಕೊಡಲು. ಠೇವಣಿದಾರ ಒಂದು ಒಪ್ಪಿಗೆ ಪತ್ರ, ಗುರುತಿನ ಚೀಟಿ, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಬೇಕು.

ಚಿಕ್ಕಪ್ಪನೂ ಕೊಟ್ಟರು. ಆ ಅರ್ಜಿಯನ್ನು ತುಂಬಿಸಿದ್ದು ನಾನೇ. ಸಹಿ ಪಾಸ್‌ಬುಕ್ಕಿನ ಸಹಿಗೆ ಹೊಂದುತ್ತಿಲ್ಲ ಅಂತ ಎರಡು ಸಲ ವಾಪಸ್ ಬಂತು. ಮೂರನೇ ತಿಂಗಳ ಕೊನೆಗೆ 5 ಲಕ್ಷ ಬಿತ್ತು. ಬಾಕಿ ಎರಡು ಲಕ್ಷಕ್ಕೆ ಲಿಕ್ವಿಡೇಟರ್ ಕಚೇರಿಗೆ ಅರ್ಜಿ ಹಾಕಿದ್ದಾರೆ. ವಸೂಲಾದ ಸಾಲದಲ್ಲಿ ಮೊದಲು ಡಿಐಸಿಜಿಸಿ ಕೊಟ್ಟದ್ದು ಅದಕ್ಕೆ ವಾಪಸ್ ಹೋಗಬೇಕು, ಆಮೇಲೆ ಇವರ ಸರದಿ. ಇನ್ನೂ ಬಂದಿಲ್ಲ.

ಕಳೆದ ತಿಂಗಳು ಚಿಕ್ಕಮ್ಮ ಮನೆ ಹತ್ತಿರದ ಒಂದು ಸೌಹಾರ್ದದಲ್ಲಿ ಹತ್ತು ಪರ್ಸೆಂಟ್ ಕೊಡ್ತಾರಂತೆ ಅಂದರು. ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಓದಿ, ಒಳಗೆ ಕೂತಿದ್ದ ಹುಡುಗನನ್ನು ಕೇಳಿದರಂತೆ: "ನಿಮ್ಮಲ್ಲಿ ಡಿಐಸಿಜಿಸಿ ಉಂಟಾ?" ಹುಡುಗ ಅದು ಯಾವ ಸ್ಕೀಮು ಸಾರ್ ಅಂತ ಕೇಳಿದನಂತೆ.